ಅರ್ಧ ಎಲೆ ತಿಂದು ನಿಂತ ಹುಳ

ವೆಂಕಟರತ್ನಮ್ಮ ಟೀಚರು ನಮ್ಮ ಮನೆ ಓನರು. ಶಿಡ್ಲಘಟ್ಟದಲ್ಲಿ ಕೆಳಗಡೆ ಮನೇಲಿ ಅವರು, ಮಾಳಿಗೆ ಮೇಲೆ ನಾನು, ನನ್ನ ಹೆಂಡತಿ ಮಾಲಾ. ನಾನು ಕೆಂಪರಾಜು, ಸರ್ಕಾರಿ ಬಸ್ಸಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವನು. ಬಾಡಿಗೆ ಮನೆಯವರು ಓನರ್ ಬಗ್ಗೆ ಬರೀತಾರೆ ಅಂದ್ರೆ ನಲ್ಲೀಲಿ ನೀರು ಬಿಡಲ್ಲ ಅಂತ ದೂರೇ ಇರುತ್ತೆ ಅಂದ್ಕೋಬೇಡಿ. ನೀರು ಚೆನ್ನಾಗೇ ಬಿಡ್ತಾರೆ. ತೊಂದ್ರೆ ಏನಿದ್ರೂ ಅವರ ಪ್ರಶ್ನೆಗಳದು.

ನಮ್ಮಿಬ್ಬರ ಮೊದಲ ಭೇಟಿ ಬಸ್ಸಲ್ಲೇ. ಆಗಷ್ಟೇ ನಮಗೆ ಟಿಕೆಟ್ ಮೆಷೀನು ಕೊಟ್ಟಿದ್ರು. ಚಿಂತಾಮಣೀಲಿ ಬಸ್ಸು ತುಂಬಿ ತುಳುಕ್ತಾ ಇತ್ತು. ಈಯಮ್ಮ ಟಿಕೆಟ್ ಇಸ್ಕೊಂಡ್ರು, ಹಿಂದೆ ಮುಂದೆ ತಿರುಗಿಸಿ ನೋಡಿದ್ರು, "ಇದರೊಳಗೆ ಇಂಕ್ ಎಲ್ಲಿದೆಯಪ್ಪಾ?" ಅಂದ್ರು. ಇಂಕಿಲ್ಲ ಮೇಡಂ, ಕಾಗದ ಬಿಸಿಯಾದ್ರೆ ಅಕ್ಷರ ಬರುತ್ತೆ ಅಂದೆ. ಅಷ್ಟಕ್ಕೆ ಬಿಡ್ಬೇಕೋ ಬೇಡ್ವೋ? "ಹಾಗಾದ್ರೆ ಬಿಸಿಲಲ್ಲಿಟ್ರೆ ಪೂರ್ತಿ ಕಪ್ಪಾಗುತ್ತಾ? ಎಲ್ಲಿ, ಇನ್ನೊಂದು ಚೂರು ಕಾಗದ ಕೊಡು." ಜಂಗಮಕೋಟೆ ಕಡೆಯವರೊಬ್ರು ಹಿಂದಿನಿಂದ, "ಏನ್ ಸಾಮಿ, ಇಲ್ಲೇನು ಇಸ್ಕೂಲ್ ನಡೀತೈತಾ?" ಅಂತ ಕೂಗಿದ್ರು. ನಡೀತಾನೇ ಇತ್ತು. ಆಮೇಲೆ ಅವರ ಮನೆಗೇ ಬಾಡಿಗೆಗೆ ಬಂದು ಸೇರ್ಕೊಂಡೆ ನೋಡಿ, ನನ್ನ ಗ್ರಹಚಾರ.

ಟೀಚರಮ್ಮನ ಊರು ನಗರಗೆರೆ ಹತ್ರ. ರಾಗಿ, ಕಡ್ಲೇಕಾಯಿ ಬೆಳೆಯೋ ಮನೆ. ಗೌರಿಬಿದನೂರಲ್ಲಿ ಓದಿ, ಶಿಡ್ಲಘಟ್ಟದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು ಇಲ್ಲೇ ಉಳ್ಕೊಂಡ್ರು. ಮದುವೆ ಆಗ್ಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲಾ ಚೆನ್ನಾಗಿ ಉಗಿದು ಕಳ್ಸಿದ್ದಾರೆ, ಅದಕ್ಕೇ ನಾನು ಕೇಳೋಕೆ ಹೋಗಿಲ್ಲ. ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಹರಾಜು ಮೊಬೈಲಿಗೆ ಬಂದಾಗ, ಮನೇಲಿ ಒಂದು ಹುಳ ಸಾಕದ ಈಯಮ್ಮ ಹೋಗಿ, ಸಂಜೆವರೆಗೂ ಅಲ್ಲೇ ನಿಂತು, ಬೆಲೆ ಹೇಗೆ ಏರುತ್ತೆ ಅಂತ ನೋಡ್ಕೊಂಡು ಬಂದ್ರು. ಒಂದ್ ಸಲ ನಮ್ಮ ಮಿಕ್ಸಿ ಕೆಟ್ಟಾಗ ಮಾಲಾ ಗುಟ್ಟಾಗಿ ರಿಪೇರಿಗೆ ಕಳಿಸಿದ್ಲು. ಈಯಮ್ಮನ ಕೈಗೆ ಸಿಕ್ಕಿದ್ರೆ ಬಿಚ್ಚಿ ಹರಡ್ಕೊಂಡು ಕೂರ್ತಾರೆ, ಆವತ್ತು ಚಟ್ನಿ ಇಲ್ಲ ಅಂತ ಅವಳ ಭಯ.

ಇಂಥವರ ಮನೇಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಈಗಿನ ಥರದ್ದಲ್ಲ. ಬರೀ ಕೀಲಿಮಣೆ, ಹೆಚ್ಚುಕಮ್ಮಿ ಒಂದು ದಪ್ಪ ಪುಸ್ತಕದಷ್ಟು, ಮೇಲೆ ರಬ್ಬರ್ ಗುಂಡಿಗಳು. ಮೆದುಳೆಲ್ಲಾ ಅದರ ಹೊಟ್ಟೇಲೇ. ಟೀವಿಗೆ ಸಿಕ್ಕಿಸಿದ್ರೆ ಪರದೆ ಮೇಲೆ ಅಕ್ಷರ ಬರ್ತಿತ್ತು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಫ್ಯಾಕ್ಟರೀಲಿದ್ದ ಅವರಣ್ಣ ತಂದ್ಕೊಂಡು, ಬೇಜಾರಾಗಿ ತಂಗಿಗೆ ಕೊಟ್ಟಿದ್ರಂತೆ. ನಾವು ಬಾಡಿಗೆಗೆ ಬರೋಕೆ ಎಷ್ಟೋ ವರ್ಷ ಮುಂಚೆ, ಈಯಮ್ಮ ಸಂಜೆ ಹೊತ್ತು ಸ್ಕೂಲ್ ಮಕ್ಕಳನ್ನ ಮನೆಗೆ ಕರೆದು ಅದರ ಮುಂದೆ ಕೂರಿಸ್ತಿದ್ರು.

ಆದ್ರೆ ಆ ಡಬ್ಬಕ್ಕೆ ಒಂದು ರೋಗ. ಏನೇ ಟೈಪ್ ಮಾಡಿ, ಆಫ್ ಮಾಡಿದ್ರೆ ಸಂಪೂರ್ಣ ಮರೆತುಹೋಗ್ತಿತ್ತು. ನೆನಪಲ್ಲಿ ಇಟ್ಕೋಬೇಕಾದ್ರೆ ಟೇಪ್ ರೆಕಾರ್ಡರ್ ಸಿಕ್ಕಿಸಿ ಕ್ಯಾಸೆಟ್ಟಿಗೆ ತುಂಬಿಸ್ಬೇಕು. ವಾಲ್ಯೂಮ್ ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಅದು ಒಪ್ತಿರಲಿಲ್ಲ. ಆ ಟೇಪ್ ರೆಕಾರ್ಡರನ್ನೂ ಬೀದಿಯ ಭಜನೆಯವರು ಕೈವಾರಕ್ಕೆ ಹೋಗ್ತೀವಿ ಕೊಡಿ ಟೀಚರಮ್ಮ ಅಂತ ಇಸ್ಕೊಂಡು ಹೋಗಿ, ಹಾಳು ಮಾಡಿ ತಂದುಕೊಟ್ರು. ಇನ್ನು ಆಗಿನ ಕರೆಂಟಿನ ಕಥೆ ಹೇಳೋದೇ ಬೇಡ. ಮಕ್ಕಳು ಕಷ್ಟಪಟ್ಟು ಟೈಪ್ ಮಾಡೋವು, ಫ್ಯಾನ್ ನಿಲ್ಲೋದು, ಎಲ್ಲಾ ಢಮಾರ್.

ಆ ಮಕ್ಕಳಲ್ಲಿ ಒಬ್ಬಳು ಸಂಘಮಿತ್ರ. ಅವಳಪ್ಪ ವೆಂಕಟರವಣಪ್ಪ ಬುದ್ಧನ ದಾರಿ ಹಿಡಿದು ಮಗಳಿಗೆ ಆ ಹೆಸರಿಟ್ಟಿದ್ದ. ಅಮ್ಮ ಗಂಗುಲಮ್ಮ ನೂಲು ಬಿಚ್ಚೋ ಕಾರ್ಖಾನೇಲಿ ಕೂಲಿ, ದಿನವಿಡೀ ಕುದಿಯೋ ನೀರಲ್ಲಿ ಕೈಯಾಡಿಸಿ ಗೂಡಿಂದ ಎಳೆ ತೆಗೆಯೋ ಕೆಲಸ. ಸಂಜೆ ಮಗಳನ್ನ ಕರ್ಕೊಂಡು ಹೋಗೋಕೆ ಬಂದ್ರೆ ಗೇಟ್ ಹತ್ರಾನೇ ನಿಲ್ತಿದ್ಲು. ಒಳಗೆ ಬಾ ಅಂದ್ರೆ, "ಮೈಯೆಲ್ಲಾ ಗೂಡಿನ ವಾಸನೆ ಕಣಮ್ಮ, ಬ್ಯಾಡಿ" ಅನ್ನೋಳು. ವಾಸನೆ ಒಂದೇ ಕಾರಣ ಅಲ್ಲ ಅಂತ ಅವಳಿಗೂ ಗೊತ್ತು, ಬೀದಿಗೂ ಗೊತ್ತು. ಟೀಚರಮ್ಮ ಕೈ ಹಿಡಿದು ಎಳೆದ್ರೂ ಅವಳು ಹೊಸಲು ದಾಟಲಿಲ್ಲ.

ಆ ಹುಡುಗಿ ಟೀವಿ ಪರದೆ ಮೇಲೆ ಒಂದು ರೇಷ್ಮೆ ಹುಳ ಮಾಡೋಕೆ ಹೊರಟಿದ್ಲು. ಹಸಿರು ಎಲೆ, ಬಿಳಿ ಹುಳ. ಹುಳ ಎಲೆ ಅಂಚಿಂದ ತಿಂತಾ ತಿಂತಾ ಬರ್ತಿತ್ತು. ಅರ್ಧ ಎಲೆ ಖಾಲಿ ಆಗೋ ಹೊತ್ತಿಗೆ ಕರೆಂಟು ಹೋಗೋದು. ಮಾರನೇ ದಿನ ಮೊದಲಿಂದ. ಬರೆದಿಟ್ಕೊಳ್ಳೇ ಅಂದ್ರೆ, "ಬೆರಳಲ್ಲಿದೆ ಮಿಸ್" ಅನ್ನೋಳಂತೆ. ಕೊನೇಗೇನಾಗುತ್ತೆ ಹೇಳೇ ಅಂದ್ರೆ, "ಮುಗಿದ ಮೇಲೆ ನೋಡಿ ಮಿಸ್, ಅಮ್ಮನ್ನೂ ಒಳಗೆ ಕರ್ಕೊಂಡು ಬರ್ತೀನಿ." ಮುಗೀಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗೀತು, ಹುಡುಗಿ ಚಿಕ್ಕಬಳ್ಳಾಪುರದ ಹಾಸ್ಟೆಲ್ಲಿಗೆ ಹೋದ್ಲು. ಹುಳ ಅರ್ಧ ಎಲೇಲೇ ನಿಂತೋಯ್ತು.

ಪ್ರಶ್ನೆ ಕೇಳದಿದ್ರೆ ಊಟ ಸೇರದ ಈಯಮ್ಮ ಇಷ್ಟು ವರ್ಷ ಅದನ್ನ ಹೇಗೆ ಹೊಟ್ಟೇಲಿಟ್ಕೊಂಡಿದ್ರೋ ನಾ ಕಾಣೆ. ಹೋದ ವರ್ಷ ಬೇಸಿಗೇಲಿ ಬಸ್ ಸ್ಟ್ಯಾಂಡಲ್ಲಿ ನನಗೂ ಟೀಚರಮ್ಮಂಗೂ ಸಂಘಮಿತ್ರ ಸಿಕ್ಕಿದ್ಲು. ಈಗ ಗೌರಿಬಿದನೂರಲ್ಲಿ ಕಾಲೇಜ್ ಲೈಬ್ರೇರಿಯನ್, ತಲೆ ಅರ್ಧ ನರೆತಿದೆ. ಜೊತೇಲಿ ಗಂಗುಲಮ್ಮ, ಕಪ್ಪು ಕನ್ನಡಕ ಹಾಕ್ಕೊಂಡು. ಕಣ್ಣಾಸ್ಪತ್ರೆಯಿಂದ ಬರ್ತಿದ್ರು. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದಕ್ಕೂ ಜಾಸ್ತಿ ದಿನ ಇಲ್ಲ ಅಂದಿದ್ರಂತೆ ಡಾಕ್ಟ್ರು.

ಟೀಚರಮ್ಮ ಕ್ಷೇಮ ಸಮಾಚಾರ ಕೇಳೋಕೆ ಮೊದಲೇ ಅವಳು, "ಮಿಸ್, ಆ ಡಬ್ಬ ಇದೆಯಾ?" ಅಂದ್ಲು.

"ಇದೆ ಕಣೇ. ಹಾಕಿದ್ರೆ ಆನೂ ಆಗುತ್ತೆ. ನಿನ್ನ ಹುಳ ಅರ್ಧ ಎಲೆ ತಿಂದು ನಿಂತಿತ್ತಲ್ಲ, ಮುಂದೆ?"

"ಮುಗಿದ ಮೇಲೆ ನೋಡೋದು ಅಂದಿದ್ನಲ್ಲ ಮಿಸ್," ಅಂತ ನಕ್ಕು, ಆಮೇಲೆ ಅಮ್ಮನಿಗೆ ಕೇಳಿಸದ ಹಾಗೆ, "ಅಮ್ಮಂಗೆ ಕಣ್ಣು ಕಾಣ್ತಿರೋವಾಗ್ಲೇ ಮುಗಿಸ್ಬೇಕು" ಅಂದ್ಲು.

ಅಷ್ಟೇ, ಅವತ್ತಿಂದ ನನ್ನ ನೆಮ್ಮದಿ ಹಾಳು. ಗಂಗುಲಮ್ಮನ ಕಣ್ಣು ಆರೋಕೆ ಮುಂಚೆ ಆ ಹುಳ ಮುಗೀಬೇಕು, ಮುಗಿದಿದ್ದು ಉಳೀಬೇಕು. ನಾನು ಬುದ್ಧಿವಂತನ ಹಾಗೆ, "ಯುಪಿಎಸ್ ಹಾಕ್ಸಿ ಟೀಚರಮ್ಮ, ಕರೆಂಟ್ ಹೋದ್ರೂ ನಡೆಯುತ್ತೆ" ಅಂದೆ.

"ಅವಳು ಬರೋದು ಭಾನುವಾರ ಭಾನುವಾರ. ವಾರವೆಲ್ಲಾ ಆನಲ್ಲೇ ಇಟ್ರೆ ಡಬ್ಬ ಸುಟ್ಟೋಗುತ್ತೆ. ಆಫ್ ಮಾಡಿದ್ರೂ ಇರ್ಬೇಕು ಕಣಪ್ಪಾ. ಈಗಿನ ಪೆನ್‌ಡ್ರೈವೋ ಫೋನಿನ ಕಾರ್ಡೋ ಇದಕ್ಕೆ ಸಿಕ್ಕಿಸೋಕಾಗಲ್ವಾ?"

ಇಲ್ಲಿಂದ ನಮ್ಮ ಮೆರವಣಿಗೆ ಶುರು. ನನ್ನ ಸ್ಕೂಟರ್ ಹಿಂದೆ ಟೀಚರಮ್ಮ, ಅವರ ತೊಡೆ ಮೇಲೆ ಚೀಲ, ಚೀಲದಲ್ಲಿ ಡಬ್ಬ. ಶಿಡ್ಲಘಟ್ಟದ ಮೊಬೈಲ್ ಅಂಗಡಿ ಹುಡುಗ ಡಬ್ಬಾನ ನಾಲ್ಕೂ ಕಡೆ ತಿರುಗಿಸಿ, "ಆಂಟಿ, ಯುಎಸ್‌ಬಿ ಎಲ್ಲಿ?" ಅಂದ. ಅದು ಹುಟ್ಟೋಕೆ ಮುಂಚೇನೇ ಇದು ಹುಟ್ಟಿದ್ದು ಅಂದ್ರು. ಅವನು ನನ್ನ ಮುಖ ನೋಡ್ದ. ನಾನು ಬೀದಿ ಕಡೆ ನೋಡ್ದೆ. ಚಿಕ್ಕಬಳ್ಳಾಪುರದ ಕಂಪ್ಯೂಟರ್ ಅಂಗಡಿಯವನಂತೂ ಇದನ್ನ ಮಾರ್ತೀರಾ ಅಂತ ಕೇಳಿ ಬೈಸ್ಕೊಂಡ.

ಕೊನೆಗೆ ದಾರಿ ಕಂಡುಹಿಡಿದಿದ್ದು ಸಂಘಮಿತ್ರ, ಇಂಟರ್‌ನೆಟ್ಟಲ್ಲಿ. ಈ ಡಬ್ಬದ ಬೆನ್ನಲ್ಲಿ ಒಂದು ಉದ್ದ ಸೀಳಿದೆ. ಅದರೊಳಗೆ ಹಲ್ಲುಗಳ ಹಾಗೆ ಸಾಲಾಗಿ ಲೋಹದ ಪಟ್ಟಿಗಳು. ಅದೇ ಇದರ ಪೋರ್ಟು, ಹೊರಗಿನ ಸಾಮಾನು ಸಿಕ್ಕಿಸೋ ಬಾಯಿ. ಇಷ್ಟು ವರ್ಷ ಅದಕ್ಕೆ ಯಾರೂ ಏನೂ ಹಾಕಿರ್ಲಿಲ್ಲ, ಟೇಪಿಗೆ ಬೇರೆ ತೂತಿತ್ತು. ಪರದೇಶದಲ್ಲಿ ಇಂಥ ಹಳೇ ಡಬ್ಬಗಳ ಹುಚ್ಚಿರೋರು ಆ ಸೀಳಿಗೆ ಹೊಂದೋ ಒಂದು ಪುಟ್ಟ ಪೆಟ್ಟಿಗೆ ಮಾಡಿ ಮಾರ್ತಾರಂತೆ. ಪೆಟ್ಟಿಗೇಲಿ ಕ್ಯಾಮೆರಾದ ಮೆಮೊರಿ ಕಾರ್ಡ್ ಹಾಕಿದ್ರೆ ಆಯ್ತು, ಟೇಪಿನ ಕೆಲಸವನ್ನ ಕಾರ್ಡೇ ಮಾಡುತ್ತೆ. ನನಗೂ ಆಸೆ ಹುಟ್ತು, ಸುಳ್ಳ್ಯಾಕೆ ಹೇಳ್ಲಿ. ಉಗುರಿನಷ್ಟು ಕಾರ್ಡು ಈ ಮುದಿ ಡಬ್ಬದ ಜೊತೆ ಹೇಗೆ ಮಾತಾಡುತ್ತೆ ಅಂತ ನೋಡ್ಬೇಕಿತ್ತು.

ಪೆಟ್ಟಿಗೆ ಪೋಸ್ಟಲ್ಲಿ ಬಂತು. ಹೊಸ ಕಾರ್ಡ್ ಆಗಲ್ಲ ಅಂತ ಜೊತೇಲಿದ್ದ ಚೀಟೀಲೇ ಬರೆದಿತ್ತು, ಈಗಿನವು ಹಿಡಿಸೋದು ತೀರಾ ಜಾಸ್ತಿಯಂತೆ. ಕಮ್ಮಿ ಹಿಡಿಸೋ ಸಣ್ಣ ಕಾರ್ಡ್ ಬೇಕು. ಚಿಂತಾಮಣೀಲಿ ಚಲಪತಿ ಅಂತ ಫೋಟೋ ಸ್ಟುಡಿಯೋದವನು ನನಗೆ ಪರಿಚಯ. ಕೇಳಿದ್ದಕ್ಕೆ, "ಅಷ್ಟು ಚಿಕ್ಕದು ಈಗ ಯಾರಿಗ್ ಬೇಕನ್ನಾ? ಲೇದು, ನನ್ಹತ್ರ ಇಲ್ಲ" ಅಂದ. ಟೀಚರಮ್ಮ ಹುಳದ ಕಥೆ ಪೂರ್ತಿ ಹೇಳಿದ್ರು. ಅವನು ಕೇಳ್ತಾ ಕೇಳ್ತಾ ಎದ್ದು ಡ್ರಾಯರ್ ಮಗುಚಿ ಹಾಕ್ದ. ಯಾವುದೋ ಕಾಲದ ಕಾರ್ಡೊಂದು ಸಿಕ್ತು, ಅದರಲ್ಲಿ ಯಾರದೋ ಮದುವೆಯ ಊಟದ ಪಂಕ್ತಿ ಫೋಟೋಗಳಿದ್ವು. ಅಳಿಸಿ ಕೊಟ್ಟು, "ಕೊನೇಗ್ ಏಮಾಯ್ತು ಅಂತ ನಂಗೂ ಹೇಳ್ಬೇಕಮ್ಮಾ" ಅಂದ. ಅಲ್ಲಿಗೆ ಹುಳಕ್ಕೆ ಕಾಯೋರ ಪಟಾಲಂ ಇನ್ನೂ ಒಂದು ತಲೆ ದೊಡ್ಡದಾಯ್ತು.

ಮನೆಗೆ ಬಂದು ಸಿಕ್ಕಿಸಿದ್ರು. ಪರದೆ ತುಂಬಾ ಬಣ್ಣದ ಚೌಕಗಳು, ಬಟ್ಟೆ ಚೂರು ಜೋಡಿಸಿ ಹೊಲಿದ ಕೌದಿ ಥರ. ಅಕ್ಷರ ಇಲ್ಲ, ಏನೂ ಇಲ್ಲ. ಪೆಟ್ಟಿಗೆ ತೆಗೆದ್ರೆ ಡಬ್ಬ ನೆಟ್ಟಗೆ. ಹಾಕಿದ್ರೆ ಕೌದಿ. ಭಾನುವಾರ ಸಂಘಮಿತ್ರ ಬಂದು ನೋಡಿದ್ಲು, ಅವಳಿಗೂ ಕೌದಿ. ಪೆಟ್ಟಿಗೆ ಕಳಿಸಿದವನಿಗೆ ಮೆಸೇಜ್ ಹಾಕಿದ್ಲು. ಅವನು ಇನ್ನೊಂದನ್ನೇ ಕಳಿಸಿಕೊಟ್ಟ, ಪುಣ್ಯಾತ್ಮ. ಅದಕ್ಕೂ ಕೌದಿ! ಟೀಚರಮ್ಮ ಕನ್ನಡಕ ಏರಿಸ್ಕೊಂಡು ಪೆಟ್ಟಿಗೆ ಕಡೆ ಎಲ್ಲಾ ಒರೆಸಿದ್ರು, ಕಾರ್ಡ್ ಒರೆಸಿದ್ರು, ಟೀವಿ ತಂತಿ ಬದಲಾಯಿಸಿದ್ರು. ನನಗೆ ರೇಗಿಹೋಯ್ತು. "ಬಿಡಿ ಟೀಚರಮ್ಮ, ಲ್ಯಾಪ್‌ಟಾಪಲ್ಲಿ ಆ ಹುಳ ಮಾಡಿ ತೋರಿಸ್ಲಿ, ಕಣ್ಣಿಗೆ ಎಲ್ಲಾ ಒಂದೇ" ಅಂದುಬಿಟ್ಟೆ. ಅವರು ಪೆಟ್ಟಿಗೇನ ತೆಗೆದು ಪಕ್ಕಕ್ಕಿಟ್ರು. ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ. ಅದು ನೋಡಿ ನನಗೆ ಹೆದರಿಕೆ ಆಯ್ತು.

ಆ ಕಡೆಯಿಂದ ಫೋನಲ್ಲಿ ಸುದ್ದಿ ಬರ್ತಾನೇ ಇತ್ತು. ಗಂಗುಲಮ್ಮಂಗೆ ಸಂಜೆ ಆದ್ರೆ ಏನೂ ಕಾಣಲ್ಲ. ಅನ್ನದ ತಟ್ಟೇಲಿ ಮೆಣಸಿನಕಾಯಿ ಯಾವುದು, ಹುರುಳಿಕಾಯಿ ಯಾವುದು ಅಂತ ತಡವಿ ನೋಡ್ತಾಳೆ.

ಆಯುಧ ಪೂಜೆ ಬಂತು. ಟೀಚರಮ್ಮಂದು ಈ ಹಬ್ಬದಲ್ಲಿ ಬಲು ಶಿಸ್ತು. ಎಷ್ಟೇ ವಿಜ್ಞಾನ ಹೇಳಿದ್ರೂ, ಕೆಲಸಕ್ಕೆ ಬಂದ ಸಾಮಾನಿಗೆ ವರ್ಷಕ್ಕೊಂದು ಸಲ ಮರ್ಯಾದೆ ಮಾಡ್ಬೇಕು ಅಂತಾರೆ. ಬೆಳಿಗ್ಗೆನೇ ಸಾಣೆಕಲ್ಲಲ್ಲಿ ಗಂಧ ತೇಯ್ದು, ನನ್ನ ಸ್ಕೂಟರಿಗೆ ಇಟ್ರು, ಹೊಲಿಗೆ ಮೆಷೀನಿಗೆ ಇಟ್ರು, ಸ್ಕ್ರೂಡ್ರೈವರ್‌ಗಳಿಗೂ ಒಂದೊಂದು ಬೊಟ್ಟು. ನಾನು ನಿಂಬೆಹಣ್ಣು ಹಿಡ್ಕೊಂಡು ಹಿಂದೆ. ಡಬ್ಬದ ಹತ್ರ ಬಂದ್ರು. ಎಡಗೈಲಿ ಅದನ್ನ ಮುಂದಕ್ಕೆ ಬಗ್ಗಿಸಿ, ಬಲಗೈ ಉಂಗುರದ ಬೆರಳಲ್ಲಿ ಗಂಧ ತಗೊಂಡು, ನೋಡದೇನೇ ಹಿಂದಗಡೆಗೆ ಕೈ ಹಾಕಿದ್ರು.

ಕೈ ಅಲ್ಲೇ ನಿಂತೋಯ್ತು.

"ಏನಾಯ್ತು ಟೀಚರಮ್ಮ?"

ಅವರು ಬೆರಳು ನೋಡ್ತಾ, "ಮುಂದೆ ಇಟ್ರೆ ರಬ್ಬರ್ ಗುಂಡಿಗೆ ಅಂಟುತ್ತೆ ಅಂತ..." ಅಂದ್ರು. ಆಮೇಲೆ ಧಡಕ್ಕನೆ ಕೂತ್ಕೊಂಡು, ಎರಡೂ ಕೈ ಬಾಯಿ ಮೇಲಿಟ್ಕೊಂಡ್ರು. ಗಂಧ ಮೂಗಿಗೆ ಹತ್ತಿದ್ದೂ ಗೊತ್ತಾಗಲಿಲ್ಲ. "ಅಯ್ಯೋ ಕೆಂಪರಾಜು! ಪ್ರತಿ ವರ್ಷ ಈ ಸೀಳೊಳಗೇ ಇಟ್ಟಿದ್ದೀನಲ್ಲೋ! ಯಾರಿಗೂ ಕಾಣಲ್ಲ, ಗುಂಡಿಗೂ ತೊಂದ್ರೆ ಇಲ್ಲ ಅಂತ ನಾನೇ ಜಾಗ ಹುಡುಕಿ ಇಟ್ಟಿದ್ದೀನಲ್ಲೋ!"

ಟಾರ್ಚ್ ಹಾಕಿ ನೋಡಿದ್ವಿ. ಮಧ್ಯದ ಹಲ್ಲುಗಳ ಮೇಲೆ ಮಂದ ಹಳದಿ ಪದರ, ಅದರ ಮೇಲೊಂದಿಷ್ಟು ಕುಂಕುಮ. ಧೂಳು ಹಿಡಿದು ಲೋಹದ ಬಣ್ಣಕ್ಕೇ ತಿರುಗಿತ್ತು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಒಣಗಿ ಗಾರೆ ಆಗಿತ್ತು. ನನಗೆ ನಗು ತಡೆಯೋಕಾಗ್ಲಿಲ್ಲ, ಹೊಟ್ಟೆ ಹಿಡ್ಕೊಂಡು ನಕ್ಕೆ. ಅವರು ಮೊದಲು ಗುರ್ರ್ ಅಂದ್ರು, ಆಮೇಲೆ ಅವರೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದ್ಕೊಂಡ್ರು. ಸಂಘಮಿತ್ರಂಗೆ ಫೋನ್ ಹಚ್ಚಿದ್ವಿ. ಆ ಕಡೆಯಿಂದ ಅವಳು, "ನಮ್ಮನೇಲಿ ಇದ್ದಿದ್ರೆ ಈ ಡಬ್ಬಕ್ಕೆ ಇಂಥ ಗತಿ ಬರ್ತಿರ್ಲಿಲ್ಲ ಮಿಸ್, ನಾವು ಪಂಚಶೀಲ ಹೇಳಿ ಕೈ ಮುಗಿದು ಸುಮ್ನಾಗ್ತೀವಿ" ಅಂದ್ಲು. "ಆಯ್ತು ಕಣೇ ತಾಯಿ, ಸೋತೆ" ಅಂದ್ರು ಟೀಚರಮ್ಮ.

ಪೆನ್ಸಿಲ್ ಅಳಿಸೋ ರಬ್ಬರಿಂದ ಹಲ್ಲು ಹಲ್ಲಾಗಿ ಉಜ್ಜಿದ್ರು. ರೂಮೆಲ್ಲಾ ಗಂಧದ ಘಮ. ಇಷ್ಟು ವರ್ಷದ ಹಬ್ಬ ಒಂದೇ ಸಲ ಬಂದ ಹಾಗಾಯ್ತು. ಕೊನೆಗೆ ಪೆಟ್ಟಿಗೆ ಸಿಕ್ಕಿಸಿ, ಸ್ವಿಚ್ ಒತ್ತಿದ್ರು. ಕೌದಿ ಇಲ್ಲ! ಶುದ್ಧ ಬಿಳಿ ಪರದೆ. ಟೀಚರಮ್ಮ ತಮ್ಮ ಹೆಸರು ಟೈಪ್ ಮಾಡಿ, ಕಾರ್ಡಿಗೆ ಕಳಿಸಿ, ಆಫ್ ಮಾಡಿದ್ರು. ಮತ್ತೆ ಆನ್. ಕಾರ್ಡಿಂದ ಕರೆದ್ರು. ಹೆಸರು ಬಂತು. ನಾನು ಬಸ್ಸಲ್ಲಿ ಕೂಗೋ ಹಾಗೆ "ರೈಟ್ ರೈಟ್!" ಅಂತ ಕೂಗಿದ್ದಕ್ಕೆ ಮಾಲಾ ಮೇಲಿಂದ ಓಡಿಬಂದ್ಲು. ಆವತ್ತು ಡಬ್ಬಕ್ಕೆ ಹೂವು ಮಾತ್ರ ಇಟ್ರು, ಅದೂ ದೂರದಲ್ಲಿ.

ಆಮೇಲಿನ ಭಾನುವಾರಗಳಲ್ಲಿ ಸಂಘಮಿತ್ರ ಕದ ಹಾಕ್ಕೊಂಡು ಕೂತ್ಲು. ಟೀಚರಮ್ಮ ಕಾಫಿ ನೆವದಲ್ಲಿ ಇಣುಕಿದ್ರೆ, "ಮಿಸ್!" ಅಂತ ಒಳಗಿಂದ ಗದರೋಳು. ಟೀಚರಮ್ಮ ಹೊರಗೆ ಬಂದು ನನ್ನ ಹತ್ರ, "ಚಿಟ್ಟೆ ಆಗಿ ಹಾರಿಹೋಗುತ್ತೆ ಅನ್ಸುತ್ತೆ, ಅಲ್ವೇನಪ್ಪಾ?" ಅನ್ನೋರು. ಮಾಲಾ, "ಗೂಡು ಮಾರ್ಕೆಟ್ಟಿಗೆ ಹೋಗುತ್ತೆ, ಒಳ್ಳೇ ರೇಟ್ ಬರುತ್ತೆ" ಅನ್ನೋಳು. ನಾನು ಬಾಯಿ ಬಿಡ್ಲಿಲ್ಲ, ಆದ್ರೆ ಚಿಟ್ಟೆ ಕಡೆ ಇದ್ದೆ.

ಮುಗೀತು ಅಂದ ಭಾನುವಾರ ಮಧ್ಯಾಹ್ನ ಕಾರಲ್ಲಿ ಗಂಗುಲಮ್ಮನ್ನ ಕರ್ಕೊಂಡು ಬಂದ್ಲು. ಮುದುಕಿ ಗೇಟ್ ಹತ್ರ ಅಭ್ಯಾಸದಂತೆ ನಿಂತ್ಲು. ಟೀಚರಮ್ಮ ಹೋಗಿ ಕೈ ಹಿಡಿದು, "ಈಗೇನು ನೆವ ಹೇಳ್ತೀಯಾ? ಗೂಡಿನ ವಾಸನೇನೂ ಇಲ್ಲ" ಅಂದ್ರು. ಗಂಗುಲಮ್ಮ ನಕ್ಕು, "ಇಲ್ಲಮ್ಮ, ಈಗ ಬರೀ ಮುಲಾಮಿನ ವಾಸನೆ" ಅಂತ ಹೊಸಲು ದಾಟಿದ್ಲು. ಟೀವಿಗೆ ಅಂಟಿಸಿದ ಹಾಗೆ ಕುರ್ಚಿ ಹಾಕಿದ್ವಿ. ಕಪ್ಪು ಕನ್ನಡಕ ತೆಗೆದು, ಒಂದೇ ಕಣ್ಣನ್ನ ಪರದೆ ಹತ್ರ ಇಟ್ಲು.

ಎಲೆ ಬಂತು. ಹುಳ ಬಂತು. ತಿಂತಾ ತಿಂತಾ ಅರ್ಧ ಎಲೆ. ಟೀಚರಮ್ಮ ನನ್ನ ಮೊಣಕೈ ಹಿಡ್ಕೊಂಡಿದ್ರು, ಉಗುರು ನಾಟೋ ಹಾಗೆ. ಹುಳ ಅರ್ಧ ದಾಟ್ತು! ಪೂರ್ತಿ ತಿಂತು, ತಲೆ ಎತ್ತಿ ಪೊರೆ ಬಿಡೋ ಜ್ವರಕ್ಕೆ ನಿಂತು, ಎದ್ದು, ಗೂಡು ಕಟ್ಟೋ ಹದಕ್ಕೆ ಹಣ್ಣಾಯ್ತು, ಸುತ್ತಲೂ ಗೂಡು ಕಟ್ಕೊಳ್ತು. ಚಿಟ್ಟೆ ಬರುತ್ತೆ ಅಂತ ನಾನು ಕಾದೆ. ಚಿಟ್ಟೆ ಬರ್ಲಿಲ್ಲ. ಗೂಡಿನ ಕೆಳಗೆ ಒಂದು ಪಾತ್ರೆ ಬಂತು, ಕೆಂಪು ಉರಿ ಬಂತು, ಪಾತ್ರೆ ಪಕ್ಕ ಎರಡು ಕೈ ಬಂದ್ವು. ಕೈ ಎಳೆ ಎಳೀತು. ಆ ಎಳೆ ಮೇಲಕ್ಕೆ ಹೋಗಿ ಅಡ್ಡಕ್ಕೆ ಒಂದು ಗೆರೆ ಆಯ್ತು. ಅದರ ಕೆಳಗೆ ಇನ್ನೊಂದು ಗೆರೆ. ನೇರಳೆ, ನೇರಳೆ, ನೇರಳೆ, ಹಳದಿ ಅಂಚು. ಗೆರೆ ಗೆರೆಯಾಗಿ ಒಂದು ಸೀರೆ ಪರದೆ ತುಂಬಾ ಇಳೀತಾ ಬಂತು.

ಗಂಗುಲಮ್ಮ ಬೆರಳಿಂದ ಗಾಜು ಮುಟ್ಟಿದ್ಲು. ಬಿಸಿನೀರಲ್ಲಿ ಬೆಂದು ಬೆಂದು ತುದಿ ನುಣ್ಣಗಾದ ಬೆರಳುಗಳು.

"ಇದ್ಯಾರ್ದೇ ಸೀರೆ?"

"ನಿಂದೇ ಅಮ್ಮ," ಅಂದ್ಲು ಸಂಘಮಿತ್ರ. "ಊರಿಗೆಲ್ಲಾ ನೂಲು ತೆಗೆದೆ, ನಿಂಗೊಂದು ರೇಷ್ಮೆ ಸೀರೆ ಇರ್ಲಿಲ್ಲ. ಆಗ ನನ್ನ ಕೈಲಿ ಇದೊಂದೇ ಆಗ್ತಿದ್ದದ್ದು."

"ಬಾಗುಂದಮ್ಮಾ, ಚೆಂದಾಗೈತೆ," ಅಂದ್ಲು ಮುದುಕಿ.

ಆಗಲೇ ಫ್ಯಾನ್ ನಿಲ್ತು. ಪರದೆ ಕಪ್ಪಾಯ್ತು.

ಟೀಚರಮ್ಮನ ಬಾಯಿಂದ "ಅಯ್ಯೋ" ಅಂತ ಬಂದೇಬಿಡ್ತು. ಗಂಗುಲಮ್ಮ ಗಾಬರಿಯಾಗಿ ಸುತ್ತಲೂ ಕೈಯಾಡಿಸಿದ್ಲು. ಕರೆಂಟ್ ಹೋಗಿದ್ದೋ ಕಣ್ಣೇ ಹೋಯ್ತೋ ಅವಳಿಗೆ ತಿಳೀಲಿಲ್ಲ. "ಹೋಯ್ತಾ? ಹೋಯ್ತೇನೇ?"

ಸಂಘಮಿತ್ರ ಅಮ್ಮನ ಕೈ ಹಿಡ್ಕೊಂಡ್ಲು. "ಕರೆಂಟು ಅಮ್ಮ. ಬರೀ ಕರೆಂಟು. ಸೀರೆ ಹೋಗಿಲ್ಲ, ಇದರಲ್ಲಿದೆ," ಅಂತ ಪುಟ್ಟ ಪೆಟ್ಟಿಗೇನ ಅವಳ ಬೆರಳಿಗೆ ಮುಟ್ಟಿಸಿದ್ಲು.

ಕಾದ್ವಿ. ಮಾಲಾ ಹೆಸರುಬೇಳೆ ಪಾಯಸ ತಂದ್ಲು. ಟೀಚರಮ್ಮ ಲೋಟ ಕೈಲಿ ಹಿಡ್ಕೊಂಡೇ ಫ್ಯಾನ್ ನೋಡ್ತಾ ಕೂತಿದ್ರು. ಫ್ಯಾನ್ ಅಲ್ಲಾಡಿದ್ದೇ ತಡ, ಎದ್ದು ಹೋಗಿ ತಾವೇ ಸ್ವಿಚ್ ಒತ್ತಿದ್ರು, ತಾವೇ ಕಾರ್ಡಿಂದ ಕರೆದ್ರು. ಹಸಿರು ಎಲೆ ಬಂತು. ಬಿಳಿ ಹುಳ ಬಂದು ಅಂಚಿಂದ ತಿನ್ನೋಕೆ ಶುರು ಮಾಡ್ತು. ಟೀಚರಮ್ಮ ಸೆರಗಿಂದ ಮುಖ ಒರೆಸ್ಕೊಂಡು, "ಐತೆ ಕಣೇ," ಅಂದ್ರು. ಅವರ ಬಾಯಲ್ಲಿ ನಗರಗೆರೆ ಮಾತು ಬಂದಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಗಂಗುಲಮ್ಮ ಕುರ್ಚೀನ ಇನ್ನೊಂಚೂರು ಮುಂದಕ್ಕೆ ಎಳ್ಕೊಂಡ್ಲು.

"ಯಾರೂ ಅಡ್ಡ ಬರ್ಬೇಡಿ," ಅಂದ್ಲು, "ಈ ಸಲ ಅಂಚು ಸರಿಯಾಗಿ ನೋಡ್ಕೊಂಡ್ಬಿಡ್ತೀನಿ."